ನೆಲ್ಲಿಕಾಯಿಯ ಸಿ ಜೀವಸತ್ವ: ಅಡುಗೆಮನೆ ಟೈಟ್ರೇಶನ್, ಮೂರನೇ ಭಾನುವಾರದವರೆಗೆ

ತುಳಸಿ ಹಬ್ಬಕ್ಕೆ ತಂದ ಬೆಟ್ಟದ ನೆಲ್ಲಿಕಾಯಿ ಒಂದಿಷ್ಟು ಉಳಿದಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಪಟ್ಟಿ ನೋಡಿದರೆ 100 ಗ್ರಾಂ ನೆಲ್ಲಿಕಾಯಿಗೆ 600 ಮಿ.ಗ್ರಾಂ ಸಿ ಜೀವಸತ್ವ. ಅದೇ ಸಂಸ್ಥೆಯ 2017ರ ಪಟ್ಟಿಯಲ್ಲಿ 252. ಕಾಯಿಯೂ ಅದೇ, ಸಂಸ್ಥೆಯೂ ಅದೇ. ಉಳಿದದ್ದು ಎಲ್ಲಿ ಹೋಯಿತು? ಕಾಲೇಜು ಬಿಟ್ಟ ಮೇಲೆ ಮುಟ್ಟದಿದ್ದ ಬ್ಯೂರೆಟ್ (ದ್ರಾವಣವನ್ನು ಅಳೆದು ಹನಿಹನಿಯಾಗಿ ಬಿಡುವ, ನಲ್ಲಿಯಿರುವ ಗಾಜಿನ ಕೊಳವೆ) ಒಂದನ್ನು ತರಿಸಿಕೊಂಡೆ.

ಮೊದಲ ಭಾನುವಾರ

ವಿಧಾನ ಹಳೆಯದೇ, ಟೈಟ್ರೇಶನ್: ಬಣ್ಣ ಬದಲಾಗುವವರೆಗೆ ಹನಿಹನಿಯಾಗಿ ಹಾಕಿ, ಎಷ್ಟು ಹಿಡಿಯಿತೆಂದು ಅಳೆಯುವುದು. ಸಿ ಜೀವಸತ್ವ ಇರುವಷ್ಟು ಹೊತ್ತೂ ಅಯೋಡಿನ್ನನ್ನು ನುಂಗುತ್ತಲೇ ಇರುತ್ತದೆ. ಅದು ಮುಗಿದ ಮೇಲಿನ ಮೊದಲ ಹನಿ ಗಂಜಿಯನ್ನು ನೀಲಿ ಮಾಡುತ್ತದೆ. ಗಾಯಕ್ಕೆ ಹಚ್ಚುವ 5% ಪೊವಿಡೋನ್ ಅಯೋಡಿನ್ನನ್ನು ಹತ್ತು ಪಟ್ಟು ನೀರು ಮಾಡಿದೆ. ಗಂಜಿಗೆ ಒಂದು ಚಮಚ ಕಾರ್ನ್‌ಫ್ಲೋರ್. ಅಳತೆಗೋಲಾಗಿ 500 ಮಿ.ಗ್ರಾಂನ ಸಿ ಜೀವಸತ್ವದ ಮಾತ್ರೆಯನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿದರೆ ಒಂದು ಮಿ.ಲೀ.ಗೆ ಒಂದು ಮಿ.ಗ್ರಾಂ. ಲೆಕ್ಕದ ಪ್ರಕಾರ ಅದರ 10 ಮಿ.ಲೀ.ಗೆ ಸುಮಾರು 29 ಮಿ.ಲೀ. ಅಯೋಡಿನ್ ಬೇಕು. ನನಗೆ ಬಂದದ್ದು 27.6. ಪರವಾಗಿಲ್ಲ, ಖುಷಿಯಾಯಿತು.

ಖುಷಿ ಮಧ್ಯಾಹ್ನದವರೆಗೆ. ಊಟ ಮುಗಿಸಿ ಬಂದು ಅದೇ ದ್ರಾವಣವನ್ನು ಮತ್ತೆ ಹಾಕಿದರೆ 24.1. ಸಂಜೆ ಕಾಫಿ ಹೊತ್ತಿಗೆ 19.3. ಬ್ಯೂರೆಟ್ಟಿನ ನಲ್ಲಿ ಸೋರುತ್ತಿದೆಯೇ ಎಂದು ಕೆಳಗೆ ಪೇಪರ್ ಹಾಸಿ ಅರ್ಧ ಗಂಟೆ ಕಾದೆ. ಒಂದು ಹನಿಯೂ ಇಲ್ಲ. ಅಯೋಡಿನ್ ಬದಲಾಯಿಸಿದೆ, ಗಂಜಿ ಹೊಸದಾಗಿ ಕುದಿಸಿದೆ. ರಾತ್ರಿ ನೀರು ಕುಡಿಯಲು ಲೋಟ ತುಂಬಿಸುವಾಗ ಹೊಳೆಯಿತು: ಮಾತ್ರೆ ಕರಗಿಸಿದ್ದು ಅಮ್ಮನ ತಾಮ್ರದ ಬಿಂದಿಗೆಯ ನೀರಿನಲ್ಲಿ! ನೀರಿಗೆ ಇಳಿದ ಚೂರುಪಾರು ತಾಮ್ರ ಸಾಕು, ಗಾಳಿಯ ಆಮ್ಲಜನಕ ಸಿ ಜೀವಸತ್ವವನ್ನು ಸರಸರನೆ ತಿನ್ನಲು. ಅದರಲ್ಲೂ ನನ್ನ ಮಾತ್ರೆಯಲ್ಲಿ ಹೆಚ್ಚಿನ ಪಾಲು ಸೋಡಿಯಂ ಆಸ್ಕಾರ್ಬೇಟ್, ಅಂದರೆ ಸಿ ಜೀವಸತ್ವದ ಹುಳಿಯಿಲ್ಲದ ರೂಪ. ಹುಳಿಯಿಲ್ಲದ ದ್ರಾವಣದಲ್ಲಿ ಈ ಕೆಲಸ ಇನ್ನೂ ಜೋರು.

ಮರುದಿನ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದೆ. ಬೆಳಿಗ್ಗೆ 27.6, ಸಂಜೆ 27.3.

“ಬಿಂದಿಗೆ ನೀರು ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ, ನಿಂದೇ ಒಂದು ತಕರಾರು” ಅಂದರು ಅಮ್ಮ. ಕುಡಿಯುವುದಕ್ಕೆ ತಕರಾರಿಲ್ಲಮ್ಮ, ಅದರಲ್ಲಿ ಪಾನಕ ಮಾಡಿ ಇಡಬೇಡ ಅಂದೆ.

ಎರಡನೇ ಭಾನುವಾರ

ನಿಂಬೆರಸ ಸಲೀಸು: 100 ಮಿ.ಲೀ.ಗೆ 45 ಮಿ.ಗ್ರಾಂ ಆಸುಪಾಸು. ಅದರ ಬಗ್ಗೆ ಹೇಳುವುದೇನೂ ಇಲ್ಲ.

ನೆಲ್ಲಿಕಾಯಿ ಹಾಗಲ್ಲ. 25 ಗ್ರಾಂ ತಿರುಳನ್ನು ಚಿಟಿಕೆ ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲ) ಜೊತೆ ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಸೋಸಿ, 250 ಮಿ.ಲೀ. ಮಾಡಿದೆ. ಹತ್ತು ಮಿ.ಲೀ.ಗೆ ಒಂದು ಗ್ರಾಂ ಕಾಯಿ. 14 ಮಿ.ಲೀ.ಗೆ ನೇರಳೆಹಣ್ಣಿನ ಬಣ್ಣ ಮಿಂಚಿತು. ಫ್ಲಾಸ್ಕ್ ಅಲ್ಲಾಡಿಸಿ ಕೆಳಗಿಡುವಷ್ಟರಲ್ಲಿ ಮಾಯ. ಇನ್ನೊಂದು ಹನಿ, ಮತ್ತೆ ಬಣ್ಣ, ಮತ್ತೆ ಮಾಯ. ಅರ್ಧ ನಿಮಿಷ ನಿಲ್ಲುವ ನೀಲಿ ಬರಬೇಕಾದರೆ 19 ಆಗಿತ್ತು. 27.6 ಮಿ.ಲೀ.ಗೆ 10 ಮಿ.ಗ್ರಾಂ ಎಂಬ ಮಾತ್ರೆಯ ಲೆಕ್ಕದಲ್ಲಿ 14 ಎಂದರೆ 100 ಗ್ರಾಂಗೆ 507 ಮಿ.ಗ್ರಾಂ, 19 ಎಂದರೆ 688. ಹಳೆಯ 600 ಇವೆರಡರ ನಡುವೆ ಚೆನ್ನಾಗಿ ಕೂತಿದೆ. ಅಲ್ಲಿಗೇ ನಿಲ್ಲಿಸಿಬಿಡುವ ಆಸೆಯೂ ಆಯಿತು, ಸುಳ್ಳೇಕೆ ಹೇಳಲಿ.

ಆದರೆ ಬಣ್ಣ ಮಾಯವಾಗುವುದೇ ಸುಳಿವು. ನೆಲ್ಲಿಕಾಯಿಯ ಒಗರು ಟ್ಯಾನಿನ್‌ಗಳದ್ದು, ಅವೂ ಅಯೋಡಿನ್ ನುಂಗುತ್ತವೆ, ನಿಧಾನವಾಗಿ. ಅಯೋಡಿನ್‌ಗೆ ಯಾರು ನುಂಗಿದರೂ ಒಂದೇ. ಎಚ್‌ಪಿಎಲ್‌ಸಿ ಯಂತ್ರದಲ್ಲಾದರೆ ಕಾಲಂ ಎಂಬ ಕೊಳವೆಯಿಂದ ಒಂದೊಂದೇ ವಸ್ತು ಬೇರೆ ಬೇರೆ ಹೊತ್ತಿಗೆ ಹೊರಬರುತ್ತದೆ, ಒಂದೊಂದನ್ನೇ ಅಳೆಯಬಹುದು. ಮೈಸೂರಿನಲ್ಲಿ ಆಹಾರ ಸಂಶೋಧನೆ ನಡೆಸುವ ಸಿಎಫ್‌ಟಿಆರ್‌ಐ ಕಾಂಪೌಂಡ್ ಪಕ್ಕದಲ್ಲೇ ದಿನಾ ಓಡಾಡುತ್ತೇನೆ, ಗೋಡೆ ಹಾರುವಂತಿಲ್ಲವಲ್ಲ.

ಮೂರನೇ ಭಾನುವಾರ

ಉಪಾಯ ಸೌತೆಕಾಯಿಯಲ್ಲಿತ್ತು. ಅದರಲ್ಲಿ ಆಸ್ಕಾರ್ಬೇಟ್ ಆಕ್ಸಿಡೇಸ್ ಎಂಬ ಕಿಣ್ವವಿದೆ. ಪ್ರಯೋಗಾಲಯಗಳಲ್ಲೂ ಇದನ್ನೇ ಬಳಸಿ ಸಿ ಜೀವಸತ್ವವನ್ನು ಮಾತ್ರ ಕೆಡಿಸಿ, ಉಳಿದದ್ದನ್ನು ಅಳೆದು ಕಳೆಯುತ್ತಾರೆ. ತಮಾಷೆ ಎಂದರೆ ಈ ಕಿಣ್ವದ ಒಡಲಲ್ಲೂ ತಾಮ್ರವೇ. ಬಿಂದಿಗೆ ನನ್ನನ್ನು ಬಿಡುವುದಿಲ್ಲ.

ಸಿಪ್ಪೆ ಸಮೇತ ತುರಿದು ಹಿಂಡಿದೆ. ಮೊದಲು ಮಾತ್ರೆಯ ದ್ರಾವಣದ ಮೇಲೆ ಪರೀಕ್ಷೆ: ಹಸಿ ರಸ ಬೆರೆಸಿ ಅರ್ಧ ಗಂಟೆ ಕದಡಿದರೆ 27.6 ಇದ್ದದ್ದು 1.8ಕ್ಕೆ ಇಳಿಯಿತು. ಕುದಿಸಿದ ರಸಕ್ಕೆ ಇಳಿಯಲೇ ಇಲ್ಲ, ಕಿಣ್ವ ಬೆಂದುಹೋಗಿತ್ತು. ಈ ಎರಡು ಸಾಲು ಬರೆದಾಗ ಆದಷ್ಟು ಖುಷಿ ಇಡೀ ತಿಂಗಳಲ್ಲಿ ಆಗಿಲ್ಲ.

ನೆಲ್ಲಿರಸದ ಹುಳಿಯಲ್ಲಿ ಕಿಣ್ವ ಕೆಲಸ ಮಾಡದು. ಚಿಟಿಕೆ ಅಡುಗೆ ಸೋಡಾ ಹಾಕಿ ಹುಳಿ ಮುರಿದೆ, ಅರ್ಧ ಗಂಟೆ ಬಿಟ್ಟು ಟೈಟ್ರೇಶನ್‌ಗೆ ಮೊದಲು ಮತ್ತೆ ನಿಂಬೆ ಉಪ್ಪು ಹಾಕಿದೆ. ಸೌತೆಕಾಯಿಯ ಪಾಲು ಕಳೆದ ಮೇಲೂ 9 ಮಿ.ಲೀ. ಉಳಿಯಿತು. 19ರಲ್ಲಿ 9 ಹೋದರೆ 10, ಅಂದರೆ 100 ಗ್ರಾಂಗೆ 362 ಮಿ.ಗ್ರಾಂ. ಇಲ್ಲೂ ಒಂದು ಕೊಕ್ಕೆ ಇದೆ: ಸೋಡಾ ಹಾಕಿದಾಗ ರಸ ಕಂದಾಯಿತು, ಅಂದರೆ ಒಂದಿಷ್ಟು ಟ್ಯಾನಿನ್ನೂ ಕೆಟ್ಟಿದೆ. ಹಾಗಾದರೆ ನಿಜವಾದ ಸಂಖ್ಯೆ ಇನ್ನೂ ಕೆಳಗಿರಬಹುದು.

ಸದ್ಯಕ್ಕೆ ನೋಟ್‌ಬುಕ್ಕಿನಲ್ಲಿ 362 ಬರೆದು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದೇನೆ. ಹುಳಿ ಎಷ್ಟಿದೆ ಎಂದು ತೋರಿಸುವ ಪಿಎಚ್ ಪೇಪರ್ ಬಂದ ಮೇಲೆ ಸೋಡಾವನ್ನು ಅಳೆದು ಹಾಕಿ ಇದನ್ನೇ ಮತ್ತೆ ಮಾಡಬೇಕು. ಎಂಟು ಕಾಯಿ ಉಳಿದಿವೆ. ಅಮ್ಮ ಆಗಲೇ ಉಪ್ಪಿನಕಾಯಿ ಜಾಡಿ ತೊಳೆದು ಬಿಸಿಲಿಗಿಟ್ಟಿದ್ದಾರೆ.