ಡ್ಯೂಟಿ ಚಾರ್ಟ್ ಅಡುಗೆಮನೆ ಗೋಡೆಗೆ, ವೀಣೆ ಕೈಗೆಟುಕುವ ಹಾಗೆ

ಮೆಡಿಕಲ್ ಓದುತ್ತಲೇ ಸಂಗೀತವನ್ನೋ ಚಿತ್ರಕಲೆಯನ್ನೋ ಬರವಣಿಗೆಯನ್ನೋ ಉಳಿಸಿಕೊಳ್ಳಬೇಕು ಅನ್ನುವವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ದಿನಕ್ಕೆ ಒಂದು ಗಂಟೆ ಮೀಸಲಿಡಿ. ಎಂಬಿಬಿಎಸ್ ಕೊನೆಯಲ್ಲಿ ಆಸ್ಪತ್ರೆ ತರಬೇತಿಯಲ್ಲಿರುವ ಇಂಟರ್ನ್‌ಗಳಿಗೂ ಸ್ನಾತಕೋತ್ತರ ಓದುವ ಪೀಜಿಗಳಿಗೂ ಈ ಸಲಹೆಯಿಂದ ಏನೂ ಪ್ರಯೋಜನವಿಲ್ಲ. ಅವರ ವಾರ ಸೋಮವಾರ ಶುರುವಾಗಿ ಭಾನುವಾರ ಮುಗಿಯುವುದಿಲ್ಲ. ಅದು ಯೂನಿಟ್ಟಿನ, ಅಂದರೆ ಅವರಿರುವ ವೈದ್ಯರ ತಂಡದ, ಅಡ್ಮಿಷನ್ ದಿನದ (ಹೊಸ ರೋಗಿಗಳನ್ನು ದಾಖಲಿಸಿಕೊಳ್ಳುವ ದಿನ) ಸುತ್ತ ತಿರುಗುತ್ತದೆ. ಹೊರರೋಗಿಗಳನ್ನು ನೋಡುವ ಓಪಿಡಿ ದಿನ, ರಾತ್ರಿ ಡ್ಯೂಟಿ, ಅದು ಮುಗಿಸಿದ ಮರುದಿನದ ಪೋಸ್ಟ್ ಡ್ಯೂಟಿ, ಆಪರೇಷನ್ ಥಿಯೇಟರಿನ ಓಟಿ ದಿನ, ಬರೀ ವಾರ್ಡು ರೌಂಡ್ಸ್ ಇರುವ ದಿನ, ಹೀಗೆ ಒಂದೊಂದು ದಿನದ ಸ್ವಭಾವ ಒಂದೊಂದು. ಎಲ್ಲ ದಿನಕ್ಕೂ ಒಂದೇ ನಿಯಮ ಹಾಕಿಕೊಂಡರೆ ಮೊದಲನೇ ಡ್ಯೂಟಿಗೇ ಅದು ಮುರಿಯುತ್ತದೆ. ಮುರಿದ ಮೇಲೆ 'ನನ್ನ ಕೈಲಾಗಲ್ಲ' ಅಂತ ವೀಣೆಗೆ ಗವಸು ಹಾಕಿ ಮೂಲೆಗೆ ಇಡುವವರೇ ಹೆಚ್ಚು. ಕೈಲಾಗದೆ ಹಾಗಾಗಿದ್ದಲ್ಲ, ಲೆಕ್ಕ ತಪ್ಪಿದ್ದರಿಂದ ಆದದ್ದು.

ಹಾಗಾಗಿ ಮೊದಲು ಚಾರ್ಟು. ತಿಂಗಳ ಡ್ಯೂಟಿ ಪಟ್ಟಿ ಕೈಗೆ ಬಂದ ದಿನವೇ ದೊಡ್ಡ ಕ್ಯಾಲೆಂಡರ್ ಹಾಳೆಯ ಮೇಲೆ ಬಣ್ಣ ಹಾಕಿ. ಡ್ಯೂಟಿ ಕೆಂಪು, ಪೋಸ್ಟ್ ಡ್ಯೂಟಿ ನೀಲಿ, ಓಟಿ ಹಳದಿ, ಉಳಿದದ್ದು ಖಾಲಿ. ಹವ್ಯಾಸ ಇರಬೇಕಾದದ್ದು ಖಾಲಿ ಚೌಕಗಳಲ್ಲಿ ಮಾತ್ರ, ಅದೂ 20 ನಿಮಿಷ. ಕೆಂಪು, ನೀಲಿ ಚೌಕಗಳಲ್ಲಿ ಸೊನ್ನೆ ಅಂತ ಮೊದಲೇ ಒಪ್ಪಿಕೊಂಡುಬಿಡಿ. ಅದು ಸೋಮಾರಿತನವಲ್ಲ, ಹಾಗಾಗಿ ಮನಸ್ಸಿಗೂ ಹಚ್ಚಿಕೊಳ್ಳಬೇಡಿ.

ಈ ಹಾಳೆ ಹಾಸ್ಟೆಲ್ ಬೀರುವಿನೊಳಗಲ್ಲ, ಮನೆಯ ಅಡುಗೆಮನೆ ಗೋಡೆಯ ಮೇಲಿರಬೇಕು. ಅದರ ಮೇಲೆ ಆಸ್ಪತ್ರೆಯ ಭಾಷೆ ಬೇಡ. 'ಪೋಸ್ಟ್ ಡ್ಯೂಟಿ' ಅಂತ ಬರೆದರೆ ಅತ್ತೆಗೆ ಅರ್ಥವಾಗುವುದು 'ಡ್ಯೂಟಿ ಮುಗೀತು, ಇವತ್ತು ಮನೇಲಿರ್ತಾಳೆ' ಅಂತ. ನೆಂಟರನ್ನು ಕರೆಯುವುದು, ಗ್ಯಾಸ್ ಬುಕ್ ಮಾಡಿಸುವುದು, ಮಗುವಿನ ಸ್ಕೂಲ್ ಮೀಟಿಂಗು ಎಲ್ಲ ಆ ದಿನಕ್ಕೇ ಬಂದು ಬೀಳುತ್ತವೆ. ಅದರ ಬದಲು ನೀಲಿ ಚೌಕದಲ್ಲಿ 'ಮಧ್ಯಾಹ್ನ 3ರವರೆಗೆ ನಿದ್ದೆ, 5ಕ್ಕೆ ಮಗು ಜೊತೆ' ಅಂತ ಬಿಡಿಸಿ ಬರೆಯಿರಿ. ಜಗಳ ಅರ್ಧಕ್ಕರ್ಧ ಇಲ್ಲೇ ತಪ್ಪುತ್ತದೆ. ಮನೆಯವರಿಗೆ ಬೇಕಾಗಿರುವುದು ನಿಮ್ಮ ಸಮಯವೆಲ್ಲವೂ ಅಲ್ಲ. ಯಾವ ಹೊತ್ತನ್ನು ನಂಬಬಹುದು ಅಂತ ತಿಳಿದರೆ ಅವರಿಗೆ ಸಾಕು.

ನೀಲಿ ಚೌಕದ ಬಗ್ಗೆ ನಾನು ಕಟ್ಟುನಿಟ್ಟಾಗಿರಲು ಕಾರಣವಿದೆ. ಸತತ 17 ಗಂಟೆ ಎಚ್ಚರವಿದ್ದವರ ಗಮನ ಮತ್ತು ಪ್ರತಿಕ್ರಿಯೆ, ರಕ್ತದಲ್ಲಿ 100 ಮಿ.ಲೀ.ಗೆ 50 ಮಿ.ಗ್ರಾಂ ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು 1990ರ ದಶಕದ ಅಧ್ಯಯನಗಳು ತೋರಿಸಿವೆ. 24 ಗಂಟೆಯಾದರೆ ಅದು 100 ಮಿ.ಗ್ರಾಂ.ಗೆ ಸಮ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ 30 ಮಿ.ಗ್ರಾಂ. ಅಂದರೆ ರಾತ್ರಿಯಿಡೀ ಕ್ಯಾಶುವಾಲ್ಟಿಯಲ್ಲಿ (ತುರ್ತು ಚಿಕಿತ್ಸಾ ವಿಭಾಗ) ನಿಂತು ಬೆಳಿಗ್ಗೆ ಬೈಕ್ ಹತ್ತಿ ಹೈವೇಗೆ ಇಳಿಯುವ ಡಾಕ್ಟರು ಕುಡಿದವರಿಗಿಂತ ಕಡೆ. ತುಮಕೂರಿನಲ್ಲಿ ಓದುತ್ತಾ ಗುಬ್ಬಿ, ನಿಟ್ಟೂರು, ತಿಪಟೂರು ಕಡೆಗೋ ಬೆಂಗಳೂರಿಗೋ ಮನೆಗೆ ಹೋಗುವವರಿಗೆ ರೈಲಿದೆ. ಪೋಸ್ಟ್ ಡ್ಯೂಟಿ ದಿನ ರೈಲು ಇಲ್ಲವೇ ಬಸ್ಸು, ಬೇರೆ ಯೋಚನೆಯೇ ಬೇಡ. ಕೋಲಾರದ ಟಮಕದ ಮೆಡಿಕಲ್ ಕಾಲೇಜಿನ ಕಡೆಯವರಿಗೆ ಬಸ್ಸೇ ಸರಿ. ಹೊರಡುವ ಮೊದಲು ಡ್ಯೂಟಿ ರೂಮಿನಲ್ಲಿ 20 ನಿಮಿಷ ಮಲಗಿದರೂ ಉಪಯೋಗವಿದೆ. ಒಂದು ಗಂಟೆ ಮಲಗಿ ಗಾಢ ನಿದ್ದೆಯ ನಡುವೆ ಎದ್ದರೆ ಮಾತ್ರ ಮಂಪರು ಅರ್ಧ ಗಂಟೆಯಾದರೂ ಬಿಡದು.

ರಜೆಯ ಲೆಕ್ಕವನ್ನು ಎಷ್ಟೋ ಪೀಜಿಗಳು ಓದಿಯೇ ಇರುವುದಿಲ್ಲ. 2023ರ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ನಿಯಮಾವಳಿಯ ಪ್ರಕಾರ ವರ್ಷಕ್ಕೆ ಕನಿಷ್ಠ 20 ದಿನ ಸಂಬಳ ಸಹಿತ ಕ್ಯಾಶುಯಲ್ ರಜೆ, 5 ದಿನ ಅಕಾಡೆಮಿಕ್ ರಜೆ, ಕೆಲಸದ ತುರ್ತು ನೋಡಿಕೊಂಡು ವಾರಕ್ಕೊಂದು ರಜೆ ಇದೆ. ಹಾಜರಿ 80% ಇರಲೇಬೇಕು. ಹೆರಿಗೆ ರಜೆಯೂ ಇದೆ, ಪಿತೃತ್ವ ರಜೆಯೂ ಇದೆ. ಮಿತಿ ದಾಟಿದಷ್ಟು ದಿನ ಕೋರ್ಸ್ ಮುಂದಕ್ಕೆ ಹೋಗುತ್ತದೆ, ಅದನ್ನು ಮೊದಲೇ ಮನೆಯಲ್ಲಿ ಕೂತು ಲೆಕ್ಕ ಹಾಕಿ. ಇಂಟರ್ನ್‌ಗಳಿಗೆ ಇಡೀ ವರ್ಷಕ್ಕೆ 15 ದಿನ ಮಾತ್ರ. ಇಪ್ಪತ್ತು ದಿನವನ್ನು ಬಿಡಿಬಿಡಿಯಾಗಿ, ಬೇಸರವಾದಾಗಲೆಲ್ಲ ಒಂದೊಂದು ಅಂತ ಖರ್ಚು ಮಾಡಿದರೆ ಜಾತ್ರೆಗೂ ಇಲ್ಲ, ಮಗುವಿನ ಜ್ವರಕ್ಕೂ ಇಲ್ಲ. ಐದಾರು ದಿನ ಕಾಯಿಲೆಕಸಾಲೆಗೆ ಮುಟ್ಟದೆ ಇಟ್ಟು, ಉಳಿದದ್ದನ್ನು ವಾರದ ರಜೆಗೆ ತಾಗಿಸಿ ಎರಡು ಮೂರು ದಿನದ ಗುಂಪು ಮಾಡಿ ತೆಗೆದುಕೊಳ್ಳುವುದು ಮೇಲು.

ಹಬ್ಬದ ಡ್ಯೂಟಿ ಬದಲಾವಣೆ ಒಂದೂವರೆ ತಿಂಗಳು ಮೊದಲೇ ಆಗಬೇಕು. ಯೂನಿಟ್ಟಿನಲ್ಲಿ ಯುಗಾದಿ ಬೇಕಾದವರು, ರಂಜಾನ್ ಬೇಕಾದವರು, ಕ್ರಿಸ್ಮಸ್ ಬೇಕಾದವರು ಒಟ್ಟಿಗೆ ಕೂತರೆ ಮುಕ್ಕಾಲು ಪಾಲು ಅಲ್ಲೇ ಹೊಂದಿಕೊಳ್ಳುತ್ತದೆ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಗೆ ಹೋಗಲೇಬೇಕು ಅನ್ನುವ ಮನೆಯವರು ತುಮಕೂರಿನಲ್ಲಿ ಬೇಕಾದಷ್ಟಿದ್ದಾರೆ, ಆದ್ದರಿಂದ ಆ ವಾರಕ್ಕೆ ಪೈಪೋಟಿ ಜಾಸ್ತಿ. ಬಾಯಿಮಾತಿನ ಒಪ್ಪಂದ ನಂಬಬೇಡಿ. 'ಸರ್, ಈ ತಾರೀಕಿನ ನನ್ನ ಡ್ಯೂಟಿ ಇವರು ಮಾಡ್ತಾರೆ, ಅವರದ್ದು ನಾನು ಮಾಡ್ತೀನಿ' ಅಂತ ಇಬ್ಬರ ಹೆಸರೂ ತಾರೀಕೂ ಹಾಕಿ ಯೂನಿಟ್ ಗ್ರೂಪಿನಲ್ಲಿ ಬರೆದು, ಮೇಲಿನವರ ಒಪ್ಪಿಗೆ ಬಂದ ಮೇಲಷ್ಟೇ ಟಿಕೆಟ್ ಮಾಡಿಸಿ. ಸಾಲ ಪಡೆದ ಡ್ಯೂಟಿಯನ್ನು ಅದೇ ತಿಂಗಳು ತೀರಿಸಿಬಿಡಿ. ಎರಡು ತಿಂಗಳು ಎಳೆದರೆ ಸ್ನೇಹ ಕೆಡುತ್ತದೆ.

ಇನ್ನು ಹವ್ಯಾಸದ ವಿಷಯ. ಯಾವ ಹವ್ಯಾಸ ಉಳಿಯುತ್ತದೆ ಅನ್ನುವುದಕ್ಕೆ ನನ್ನ ಅಳತೆಗೋಲು ಒಂದೇ: ಫೋನ್ ಬಂದ ಕ್ಷಣ ಕೆಳಗಿಟ್ಟು ಎದ್ದು ಹೋಗಲಾಗುತ್ತದೆಯೇ, ನಾಲ್ಕು ದಿನ ಬಿಟ್ಟು ಬಂದರೂ ನಿಂತಲ್ಲಿಂದ ಮುಂದುವರಿಸಲಾಗುತ್ತದೆಯೇ? ಕ್ರೋಶಾಕ್ಕೆ, ಪೆನ್ಸಿಲ್ ಚಿತ್ರಕ್ಕೆ, ಪುಟ್ಟ ಜಲವರ್ಣಕ್ಕೆ ಎರಡೂ ಆಗುತ್ತದೆ. ಎಣ್ಣೆವರ್ಣ ಆಗದು. ಒಣಗಲು ದಿನಗಟ್ಟಲೆ ಬೇಕು, ಹಾಸ್ಟೆಲ್ ರೂಮಿನಲ್ಲಿ ಟರ್ಪೆಂಟೈನ್ ವಾಸನೆಯಲ್ಲಿ ಮಲಗುವುದೂ ಒಳ್ಳೆಯದಲ್ಲ. ಅಚ್ಚುಚಿತ್ರಕ್ಕೆ ಲಿನೋ ಹಾಳೆ ಕೊರೆಯುವುದು, ಮರದ ಕೆತ್ತನೆ ಇವುಗಳನ್ನು ಓಟಿ ದಿನದ ಹಿಂದಿನ ಸಂಜೆ ಮುಟ್ಟಲೇಬೇಡಿ. ಬೆರಳಿಗೆ ಸಣ್ಣ ಗೀರು ಬಿದ್ದರೂ ನಾಳೆ ಅದು ರಕ್ತ ತಾಗುವ ಕೈ. ಬಿದ್ದೇಬಿಟ್ಟರೆ ನೀರು ಒಳಗಿಳಿಯದ ಪಟ್ಟಿ ಹಾಕಿ, ಸೀನಿಯರ್‌ಗೆ ಹೇಳಿ, ಮೇಲೆ ಎರಡು ಜೊತೆ ಗ್ಲೌಸ್ ತೊಟ್ಟುಕೊಳ್ಳಿ. ಜಲವರ್ಣಕ್ಕೆ ಸಾಮಾನು ಕಡಿಮೆ: 12 ಬಣ್ಣದ ಪುಟ್ಟ ಡಬ್ಬಿ, ನೀರು ತುಂಬುವ ಬ್ರಷ್ ಒಂದು, ಅಂಗೈಯಗಲದ ದಪ್ಪನೆಯ 300 ಜಿಎಸ್‌ಎಂ ಕಾಗದ. ತೆಳು ಕಾಗದ ಬೇಡ, ನೀರು ಬಿದ್ದೊಡನೆ ಸುರುಟುತ್ತದೆ, ಅದನ್ನು ಹಿಗ್ಗಿಸಿ ಅಂಟಿಸುವಷ್ಟು ಪುರುಸೊತ್ತು ನಿಮಗಿಲ್ಲ. ಚಿತ್ರಕ್ಕೆ ರೋಗಿ ಬೇಡ, ಕಿಟಕಿಯಾಚೆಯ ದೇವರಾಯನದುರ್ಗದ ಬೆಟ್ಟದ ಸಾಲು ಸಾಕು.

ವೀಣೆಯದ್ದು ಬೇರೆಯದೇ ಕಥೆ. ಚಿಕ್ಕಂದಿನಿಂದ ಕಲಿತು ಸೀನಿಯರ್ ಪರೀಕ್ಷೆಯನ್ನೂ ಪಾಸು ಮಾಡಿ, ಎಂಬಿಬಿಎಸ್‌ಗೆ ಬಂದಾಗ ಬಿಟ್ಟ ಮಕ್ಕಳು ನಮ್ಮ ಕಡೆ ಬಹಳ. ಅವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲನೆಯದು ಉಗುರು. ಉಗುರು ಬೆಳೆಸಿ ಮೀಟುವ ಅಭ್ಯಾಸ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕೈಶುಚಿ ಮಾರ್ಗಸೂಚಿ ಉಗುರಿನ ತುದಿ ಅರ್ಧ ಸೆಂ.ಮೀ.ಗಿಂತ ಕಡಿಮೆ ಇರಬೇಕು ಅನ್ನುತ್ತದೆ, ಓಟಿಯಲ್ಲಿ ಅಷ್ಟೂ ಬೇಡ. ಉದ್ದ ಉಗುರಿನಡಿ ಕ್ರಿಮಿ ಕೂರುತ್ತದೆ, ಗ್ಲೌಸೂ ಹರಿಯುತ್ತದೆ. ಹಾಗಾಗಿ ಬೆರಳಿಗೆ ತೊಟ್ಟು ಮೀಟುವ ತಂತಿಯ ನಖಿಗೆ ಬದಲಾಯಿಸಿಕೊಳ್ಳಿ. ನಾದ ಮೊದಲು ಸ್ವಲ್ಪ ಒರಟಾಗಿ ಕೇಳುತ್ತದೆ. ಮೀಟುವ ಒತ್ತಡ ಇಳಿಸಿದರೆ ಕಿವಿಗೂ ಕೈಗೂ ಹೊಂದಿಕೆಯಾಗುತ್ತದೆ.

ಎರಡನೆಯದು ಎಡಗೈ ಬೆರಳ ತುದಿ. ಸಾಧಕರ ತೋರುಬೆರಳು, ನಡುಬೆರಳಲ್ಲಿ ತಂತಿಯ ಗೀರು ಗಟ್ಟಿಯಾಗಿ ಕೂತಿರುತ್ತದೆ. ದಿನಕ್ಕೆ ಹತ್ತಾರು ಸಲ ಕೈತೊಳೆದು, ಸ್ಯಾನಿಟೈಸರ್ ಹಚ್ಚಿ, ಗಂಟೆಗಟ್ಟಲೆ ಗ್ಲೌಸ್‌ನಲ್ಲಿ ಬೆವೆತ ಚರ್ಮ ಮೆತ್ತಗಾಗುತ್ತದೆ. ಆ ಮೆತ್ತಗಿನ ಚರ್ಮದಲ್ಲಿ ಸಂಜೆ ತಂತಿಯನ್ನು ಪಕ್ಕಕ್ಕೆಳೆದು ಗಮಕ (ಸ್ವರದ ಬಳುಕು) ನುಡಿಸಿದರೆ ಸಿಗಿಯುತ್ತದೆ. ಕೈ ಪೂರ್ತಿ ಒಣಗಿ ಒಂದು ಗಂಟೆಯಾದ ಮೇಲೆ ಕೂರಿ, ಮೊದಲ ಐದು ನಿಮಿಷ ಬರೀ ಸರಳೆ, ಜಂಟಿ (ಆರಂಭದ ಸ್ವರಾಭ್ಯಾಸಗಳು) ನುಡಿಸಿ, ಎಳೆಯುವುದು ಆಮೇಲೆ. ತಂತಿಯ ಮೇಲೆ ಬೆರಳು ಜಾರಲೆಂದು ಕೊಬ್ಬರಿ ಎಣ್ಣೆ ಸವರಿಕೊಳ್ಳುವವರು ಆಸ್ಪತ್ರೆಗೆ ಹೊರಡುವ ಮೊದಲು ಸೋಪಿನಲ್ಲಿ ಚೆನ್ನಾಗಿ ತೊಳೆಯಬೇಕು. ಎಣ್ಣೆಗೆ ಲೇಟೆಕ್ಸ್ ಗ್ಲೌಸ್ ದುರ್ಬಲವಾಗುತ್ತದೆ.

ಮೂರನೆಯದು ವಾದ್ಯದ ಜಾಗ. ವೀಣೆಯ 24 ಮೆಟ್ಟಿಲುಗಳು (ತಂತಿಯಡಿಯ ಲೋಹದ ಅಡ್ಡಪಟ್ಟಿಗಳು) ನಿಂತಿರುವುದು ಮೇಣದ ಮೇಲೆ. ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕಾರಿನ ಹಿಂದಿನ ಸೀಟಿನಲ್ಲಿಟ್ಟು ರೌಂಡ್ಸ್‌ಗೆ ಹೋದರೆ ಮೇಣ ಮೆತ್ತಗಾಗಿ ಮೆಟ್ಟಿಲು ಕುಸಿಯುತ್ತದೆ, ಶ್ರುತಿ ಕೆಡುತ್ತದೆ. ಮತ್ತೆ ಮೇಳ ಕಟ್ಟಿಸಲು, ಅಂದರೆ ಮೆಟ್ಟಿಲುಗಳನ್ನು ಸ್ವರಕ್ಕೆ ಸರಿಯಾಗಿ ಕೂರಿಸಲು, ನುರಿತವರೇ ಬೇಕು, ಅದು ನಿಮ್ಮ ಒಂದು ರಜೆಯನ್ನು ತಿನ್ನುತ್ತದೆ. ಹಾಸ್ಟೆಲ್‌ಗೆ ಒಯ್ಯುವುದಾದರೆ ಹೆಂಚಿನ ಮಾಡಿನ ಕೆಳಗೋ ಬಿಸಿಲು ಬೀಳುವ ಕಿಟಕಿ ಪಕ್ಕವೋ ಬೇಡ, ತಂಪಾದ ಗೋಡೆ ಬದಿಗಿರಲಿ. ದಿನಾ ಗವಸು ಬಿಚ್ಚಿ ಕಟ್ಟುವ ಕೆಲಸ ಐದು ನಿಮಿಷವನ್ನಲ್ಲ, ಉತ್ಸಾಹವನ್ನು ತಿನ್ನುತ್ತದೆ. ತೆಳುವಾದ ಹತ್ತಿ ಬಟ್ಟೆ ಹೊದಿಸಿ ಚಾಪೆಯ ಮೇಲೇ ಬಿಡಿ.

ಇಪ್ಪತ್ತು ನಿಮಿಷದಲ್ಲಿ ಏನು ನುಡಿಸುವುದು? ಐದು ನಿಮಿಷ ಸರಳೆ, ಜಂಟಿ. ಹತ್ತು ನಿಮಿಷ ಒಂದು ಆದಿತಾಳ ವರ್ಣದ (ಅಭ್ಯಾಸಕ್ಕೆ ನುಡಿಸುವ ರಚನೆ) ಪಲ್ಲವಿಯ ಎರಡು ಆವರ್ತನ (ತಾಳದ ಎರಡು ಸುತ್ತು), ಅಷ್ಟೇ, ನಿಧಾನಕಾಲದಲ್ಲಿ. ಕೊನೆಗೆ ಐದು ನಿಮಿಷ ಮೊದಲೇ ಬಾಯಿಗೆ ಬಂದಿರುವ ಒಂದು ಕೃತಿ, ಖುಷಿಗೆ. ಹೊಸ ಪಾಠ ವಾರಕ್ಕೆ ಎರಡೇ ಆವರ್ತನ. ಗುರುಗಳಿಗೆ ಇದನ್ನು ಮೊದಲೇ ಬಿನ್ನವಿಸಿಕೊಳ್ಳಿ. 'ಪಾಠಕ್ಕೆ ವಾರವಾರ ಬರಲಾಗದು, ನುಡಿಸಿದ್ದನ್ನು ರೆಕಾರ್ಡ್ ಮಾಡಿ ಕಳಿಸಲೇ' ಅಂದರೆ ಬಹಳ ಗುರುಗಳು ಒಪ್ಪುತ್ತಾರೆ. ಏನೂ ಹೇಳದೆ ತಪ್ಪಿಸಿಕೊಂಡರೆ ನೋಯುತ್ತಾರೆ.

ನಾಟಕದ ಹುಚ್ಚಿದ್ದವರಿಗೆ ಒಂದು ಮಾತು. 1884ರಲ್ಲೇ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ನಮ್ಮ ತುಮಕೂರು. ಇವತ್ತಿಗೂ ಊರೂರಲ್ಲಿ ಪೌರಾಣಿಕ ನಾಟಕಕ್ಕೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸ್ ಮಾಡುತ್ತಾರೆ. ಪೀಜಿ ಮಾಡುತ್ತಿರುವಾಗ ಪಾತ್ರ ಒಪ್ಪಿಕೊಳ್ಳಬೇಡಿ. ನಿಮಗೆ ಎಮರ್ಜೆನ್ಸಿ ಬಂದ ರಾತ್ರಿ ಇಪ್ಪತ್ತು ಜನ ಕಾದು ಕೂರುತ್ತಾರೆ, ಅದು ನ್ಯಾಯವಲ್ಲ. ರಂಗಗೀತೆ ಕಲಿಯಿರಿ, ಪರದೆ ಬರೆಯಲು ನೆರವಾಗಿ. ಪಾತ್ರ ಇಂಟರ್ನ್‌ಶಿಪ್ಪಿನ ಸಮುದಾಯ ವೈದ್ಯಕೀಯದ 12 ವಾರಗಳಿಗೆ ಹೊಂದಬಹುದು, ಎಷ್ಟೋ ಕಡೆ ಆಗ ರಾತ್ರಿಗಳು ಸ್ವಲ್ಪ ನಿಮ್ಮ ಕೈಲಿರುತ್ತವೆ. ಹೆರಿಗೆ ವಾರ್ಡಿನ 7 ವಾರಗಳಿಗಂತೂ ಹೊಂದದು.

ಬರೆಯುವವರಿಗೆ ಎಚ್ಚರ ಜಾಸ್ತಿ ಬೇಕು. ವಾರ್ಡಿನಲ್ಲಿ ಕಂಡದ್ದು ಕಥೆಯಾಗಿ ಬರುವುದು ಸಹಜ, ಕನ್ನಡದಲ್ಲಿ ಬರೆದ ವೈದ್ಯರ ಪರಂಪರೆ ದೊಡ್ಡದು. 2002ರ ವೈದ್ಯಕೀಯ ನೀತಿ ನಿಯಮಾವಳಿ ಸ್ಪಷ್ಟವಾಗಿದೆ: ಗುರುತು ಸಿಗುವ ಹಾಗೆ ರೋಗಿಯ ಫೋಟೋವನ್ನಾಗಲಿ ವಿವರವನ್ನಾಗಲಿ ಅನುಮತಿಯಿಲ್ಲದೆ ಪ್ರಕಟಿಸುವಂತಿಲ್ಲ. ಹೆಸರು ಬದಲಿಸಿದರೆ ಆಯಿತಲ್ಲ ಅಂದುಕೊಳ್ಳುವುದೇ ತಪ್ಪು. ಪಾವಗಡದ ಕಡೆಯ ಒಂದು ಸಣ್ಣ ಹಳ್ಳಿ, ಹಾವು ಕಚ್ಚಿದ ಹುಡುಗಿ, ಕಳೆದ ಮಳೆಗಾಲ ಅಂತ ಬರೆದರೆ ಸಾಕು, ಆ ಹಳ್ಳಿಯವರೆಲ್ಲ ಮನೆ ಗುರುತಿಸುತ್ತಾರೆ. ಊರು, ವಯಸ್ಸು, ಕಾಲ, ಮನೆಯ ಕಸುಬು ಇವುಗಳಲ್ಲಿ ಮೂರನ್ನಾದರೂ ಬದಲಿಸಿ. ಅಪರೂಪದ ಕಾಯಿಲೆಯಾದರೆ ಕಾಯಿಲೆಯನ್ನೂ ಬದಲಿಸಿ. ಘಟನೆಯಾದ ತಿಂಗಳಲ್ಲೇ ಪ್ರಕಟಿಸಬೇಡಿ. ರೋಗಿಯ ದಾಖಲೆಯಾದ ಕೇಸ್‌ಶೀಟ್ ಪಕ್ಕದಲ್ಲಿಟ್ಟುಕೊಂಡಂತೂ ಬರೆಯಲೇಬೇಡಿ, ಮರೆತುಹೋದದ್ದು ಕಥೆಗೆ ಬೇಡವಾದದ್ದೇ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಫೋನಿನ ಹೊತ್ತು ಗಟ್ಟಿ ಮಾಡಿಕೊಳ್ಳಿ. ಹ್ಯಾಂಡೋವರ್ ಹೊತ್ತಲ್ಲಿ (ಮುಂದಿನ ಡ್ಯೂಟಿಯವರಿಗೆ ರೋಗಿಗಳನ್ನು ಒಪ್ಪಿಸುವಾಗ) ಕರೆ ಮಾಡಿದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ, ಮಗು ಅಳುತ್ತದೆ. ರಾತ್ರಿ ಊಟದ ಸಮಯಕ್ಕೆ ಐದು ನಿಮಿಷ, ವಿಡಿಯೋ ಬೇಡ, ಬರೀ ದನಿ, ಒಂದು ಕಥೆಯ ಒಂದು ತುಂಡು. ಹಾಲೂಡಿಸುವ ತಾಯಂದಿರು ಡ್ಯೂಟಿಯಲ್ಲೂ ಸುಮಾರು ಮೂರು ಗಂಟೆಗೊಮ್ಮೆ ಹಾಲು ತೆಗೆಯಬೇಕು, ಇಲ್ಲದಿದ್ದರೆ ಎದೆ ಕಟ್ಟಿ ಜ್ವರ ಬರುತ್ತದೆ. ತೆಗೆದ ಹಾಲನ್ನು ಹೊರಗೆ 4 ಗಂಟೆಗಿಂತ ಹೆಚ್ಚು ಇಡಬಾರದು, ಬೇಸಿಗೆಯಲ್ಲಿ ಇನ್ನೂ ಬೇಗ ಫ್ರಿಜ್‌ಗೆ ಸೇರಬೇಕು. ಫ್ರಿಜ್ ಲೇಬಲ್ ಮೇಲೆ ತಾರೀಕಿನ ಜೊತೆ ಗಂಟೆಯನ್ನೂ ಬರೆಯಿರಿ. ಹಾಲು ತೆಗೆಯುವ 15 ನಿಮಿಷ ನಿಮ್ಮದು ಎಂದು ಸಹೋದ್ಯೋಗಿಗಳಿಗೆ ಮೊದಲ ದಿನವೇ ಹೇಳಿಬಿಡಿ, ನಾಚಿಕೆಪಡುವ ವಿಷಯವಲ್ಲ.

ಮೂರನೇ ವರ್ಷದ ಕೊನೆಯಲ್ಲಿ ಥೀಸಿಸ್ ಮತ್ತು ಪರೀಕ್ಷೆ ಬಂದಾಗ ಖಾಲಿ ಚೌಕಗಳೂ ಓದಿಗೆ ಹೋಗುತ್ತವೆ. ಆಗ ಹವ್ಯಾಸ ವಾರಕ್ಕೆರಡು ಸಲ ಹತ್ತೇ ನಿಮಿಷ, ಹೊಸದು ಏನೂ ಬೇಡ. ಮನೆಯವರಿಗೆ ಗೊತ್ತುಮಾಡಿದ ಹೊತ್ತನ್ನು ಮಾತ್ರ ಕಡಿತ ಮಾಡಬೇಡಿ, ಮೊದಲು ಮುರಿಯುವುದು ಅದೇ, ಮತ್ತೆ ಕಟ್ಟುವುದು ಕಷ್ಟ. ಪರೀಕ್ಷೆ ಮುಗಿದ ಮೇಲೆ ವೀಣೆಯ ಮುಂದೆ ಹಳೇ ಹುಮ್ಮಸ್ಸಿನಲ್ಲಿ ಎರಡು ಗಂಟೆ ಕೂರಬೇಡಿ, ಬೆರಳ ಗಟ್ಟಿಚರ್ಮ ಅಷ್ಟರಲ್ಲಿ ಹೋಗಿರುತ್ತದೆ, ಗುಳ್ಳೆ ಎದ್ದು ಮತ್ತೆ ಹದಿನೈದು ದಿನ ಮುಟ್ಟಲಾಗುವುದಿಲ್ಲ. ಮೊದಲ ವಾರ ಹತ್ತು ನಿಮಿಷ, ಎರಡನೇ ವಾರ ಇಪ್ಪತ್ತು, ನೋವು ಶುರುವಾದ ಕೂಡಲೇ ನಿಲ್ಲಿಸಿ.