ಡಿಪೋ ಬರಲಿ, ಹೊಗೆ ವಠಾರದ ಕಡೆ ಬೇಡ

ಬೆಂಗಳೂರು, ಜನವರಿ 12, 2025, ಭಾನುವಾರ

ನಮ್ಮ ಬಡಾವಣೆಯ ಹಿಂದಿನ ಖಾಲಿ ಜಾಗದಲ್ಲಿ ಬಸ್ ಡಿಪೋ ಬರುತ್ತಂತೆ. ಅದರ ಬಗ್ಗೆ ಮಾತಾಡೋಕೆ ಇವತ್ತು ಪಾರ್ಕಿನಲ್ಲಿ ಸೇರಿದ್ದೆವು. ಸುಮಾರು ಜನ ‘ಡಿಪೋನೇ ಬೇಡ’ ಅಂದರು. ನನಗೆ ಹಾಗೆ ಹೇಳೋಕೆ ಮನಸ್ಸು ಬರಲಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು ಬಸ್ಸಿಗಾಗಿ ಎಷ್ಟು ಹೊತ್ತು ಕಾಯುತ್ತಾರೆ ಅಂತ ದಿನಾ ನೋಡ್ತೀನಿ. ಬಸ್ ಜಾಸ್ತಿ ಆಗಲೇಬೇಕು. ರಾತ್ರಿ ಅವು ಎಲ್ಲಾದರೂ ನಿಲ್ಲಲೇಬೇಕಲ್ವಾ?

ನನ್ನ ಚಿಂತೆಯೆಲ್ಲ ಆ ಜಾಗದ ಹಿಂದಿನ ಗೋಡೆಯದು. ಗೋಡೆಗೆ ಅಂಟಿಕೊಂಡೇ ವಠಾರ ಇದೆ. ಮನೆಗಳ ಕಿಟಕಿ ಇರುವುದೂ ಅದೇ ಕಡೆ. ಅಲ್ಲಿ ಉಬ್ಬಸದ ಅಜ್ಜಿ ಒಬ್ಬರಿದ್ದಾರೆ, ಎಳೆ ಮಕ್ಕಳಿದ್ದಾರೆ. ಅವರಲ್ಲಿ ಯಾರೂ ಸಭೆಗೆ ಬಂದಿರಲಿಲ್ಲ. ಭಾನುವಾರವೂ ಕೆಲಸ ಇರುವವರು.

ನನ್ನ ತಂಗಿ ಮನೆ ಬೇರೊಂದು ಡಿಪೋ ಪಕ್ಕ ಇದೆ. ಅಲ್ಲಿ ತುಳಸಿ ಎಲೆ ಮೇಲೆ ಬೆರಳಾಡಿಸಿದರೆ ಕಾಡಿಗೆ ಮೆತ್ತಿದ ಹಾಗಾಗುತ್ತೆ. ಬೆಳಗಿನ ಜಾವ ಬಸ್ಸುಗಳು ಒಂದಾದ ಮೇಲೊಂದು ಸ್ಟಾರ್ಟ್ ಆಗುತ್ತವೆ, ಆದರೆ ತಕ್ಷಣ ಹೊರಡುವುದಿಲ್ಲ. ಯಾಕೆ ಅಂತ ಇವತ್ತು ನಮ್ಮ ಬೀದಿಯ ನಿವೃತ್ತ ಮೆಕ್ಯಾನಿಕ್ ಒಬ್ಬರು ಬಿಡಿಸಿ ಹೇಳಿದರು. "ಬ್ರೇಕಿಗೆ ಏರ್ ತುಂಬಬೇಕು ಮೇಡಂ. ಪ್ರೆಷರ್ ಏರೋವರೆಗೂ ಗಾಡಿ ಎತ್ತೋ ಹಾಗಿಲ್ಲ." ಅಷ್ಟು ಹೊತ್ತೂ ಹೊಗೆ ನಿಂತಲ್ಲೇ. ಈ ಚಳಿಗಾಲದ ಬೆಳಗ್ಗೆ ಗಾಳಿಯೂ ಆಡಲ್ಲ. ನೆಲದ ಹತ್ತಿರದ ಗಾಳಿ ತಣ್ಣಗಿದ್ದು, ಮೇಲಿನದು ಬೆಚ್ಚಗಿದ್ದರೆ ಹೊಗೆ ಮೇಲೇರದೆ ಅಲ್ಲೇ ಕೂರುತ್ತೆ.

"ಈಗೆಲ್ಲ ಬಿಎಸ್-6 ಅಲ್ವಾ, ಹೊಗೆ ಎಲ್ಲಿ?" ಅಂದರು ಒಬ್ಬರು. ಹೊಸ ಗಾಡಿಗಳ ಹೊಗೆಗೆ ಮಿತಿ ಹಾಕುವ ಆ ನಿಯಮ ಬಂದದ್ದು 2020ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚಿನ ಬಸ್ಸುಗಳು ಇನ್ನೂ ಓಡುತ್ತಿವೆ. ಹೊಸ ಗಾಡಿಯಲ್ಲೂ ಸೈಲೆನ್ಸರ್ ಕಡೆ ಇರುವ, ಹೊಗೆ ಶುದ್ಧ ಮಾಡುವ ವ್ಯವಸ್ಥೆ ಬಿಸಿಯಾದ ಮೇಲೇ ಸರಿಯಾಗಿ ಕೆಲಸ ಮಾಡೋದು. ತಣ್ಣನೆ ಎಂಜಿನ್ ಸ್ಟಾರ್ಟ್ ಆಗುವ ಹೊತ್ತಿಗೆ ಅದು ಪೂರ್ತಿ ಉಪಯೋಗಕ್ಕೆ ಬರಲ್ಲ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಹೇಳಿದೆ. ಪಿಎಂ 2.5 ಅನ್ನುವ ಸಣ್ಣ ಕಣಗಳಿಗೆ ನಮ್ಮ ದೇಶದ ದಿನದ ಮಿತಿ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದು 15. ನಮ್ಮ ಮಿತಿಯೊಳಗೆ ಇದ್ದರೂ ನೆಮ್ಮದಿ ಪಡುವ ಹಾಗಿಲ್ಲ.

ಕೊನೆಗೆ ‘ಬೇಡ’ ಅನ್ನುವ ಅರ್ಜಿ ಬಿಟ್ಟು, ‘ಹೀಗೆ ಮಾಡಿ’ ಅನ್ನುವ ಅರ್ಜಿ ಬರೆಯೋಣ ಅಂತ ಒಪ್ಪಿದರು. ವಠಾರದ ಕಡೆಯ ಸಾಲಿನಲ್ಲಿ ಎಲೆಕ್ಟ್ರಿಕ್ ಬಸ್ ಮಾತ್ರ ನಿಲ್ಲಲಿ. ಊರಲ್ಲಿ 2021ರ ಕೊನೆಯಿಂದಲೇ ಅವು ಓಡುತ್ತಿವೆ, ಹೊಸ ಡಿಪೋಗೆ ಕೊಡೋಕೆ ಏನು ಅಡ್ಡಿ? ಡೀಸೆಲ್ ಬಸ್ಸುಗಳು ಮುಖ್ಯರಸ್ತೆ ಕಡೆ ಸ್ಟಾರ್ಟ್ ಆಗಲಿ. ಕೆಲಸ ಶುರುವಾಗೋ ಮುಂಚೆಯೇ ಗಾಳಿ ಅಳೆಯುವ ಯಂತ್ರ ಗೋಡೆಯ ಹತ್ತಿರ ಕೂರಿಸಲಿ. ಈಗಿನ ಲೆಕ್ಕ ಇಲ್ಲದಿದ್ದರೆ, ಆಮೇಲೆ ಎಷ್ಟು ಹೆಚ್ಚಾಯಿತು ಅಂತ ತೋರಿಸೋದು ಹೇಗೆ?

ನಾಳೆ ರಾತ್ರಿ ಅರ್ಜಿ ಹಿಡಿದು ವಠಾರಕ್ಕೆ ಹೋಗ್ತೀನಿ. ಮೊದಲ ಸಹಿ ಅವರದೇ ಆಗಬೇಕು.