ನಮ್ಮೂರಿನವರು 11 ಜನ ಅಂದಿತು ಏಜೆಂಟ್

ಮಂಗಳವಾರ ಸಂಜೆ ಎಸ್.ಎಸ್. ಪುರಂನ ನಮ್ಮ ಮನೆಯಲ್ಲಿ ಕೂತು ಕೆಲಸಕ್ಕೆ ಅರ್ಜಿ ಹಾಕಿದವರನ್ನು ಊರಿನ ಹೆಸರಿನಿಂದ ಹುಡುಕುವ ಒಂದು ಟೂಲ್‌ಗೆ ವಿವರಣೆ ಬರೆದು ಮುಗಿಸಿದೆ. ಸರಿಯಾಗಿದೆಯಾ ನೋಡೋಣ ಅಂತ ಎಐ ಏಜೆಂಟನ್ನು, ಅಂದರೆ ಇಂಥ ಟೂಲ್‌ಗಳನ್ನು ಬಳಸಿ ಹೇಳಿದ ಕೆಲಸವನ್ನು ತಾನೇ ಮಾಡುವ ಎಐಯನ್ನು, ಕೇಳಿದೆ: ತುಮಕೂರಿನಿಂದ ಎಷ್ಟು ಜನ ಅರ್ಜಿ ಹಾಕಿದ್ದಾರೆ? 11 ಅಂದಿತು.

ಆ ಡೇಟಾ ತುಂಬಿಸಿದ್ದೇ ನಾನು. ಪರೀಕ್ಷೆಗೆ ಅಂತ ಕಟ್ಟಿದ ಹೆಸರುಗಳು. ಅದರಲ್ಲಿ ನಮ್ಮೂರಿನವರು 34 ಜನ ಇದ್ದರು.

ನಾನು ಟೆಕ್ನಿಕಲ್ ರೈಟರ್. ಕಂಪನಿಗಳು ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವಾಗ ಬಳಸುವ ಸಾಫ್ಟ್‌ವೇರ್‌ಗೆ ಡಾಕ್ಯುಮೆಂಟೇಶನ್, ಅಂದರೆ ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವ ವಿವರಣೆ, ಬರೆಯುತ್ತೇನೆ. ಅರ್ಜಿ, ರೆಸ್ಯೂಮೆ, ಸಂದರ್ಶನದ ದಿನ, ಸಂದರ್ಶನ ಮಾಡಿದವರ ಟಿಪ್ಪಣಿ, ಕೇಳಿದ ಸಂಬಳ, ಎಲ್ಲ ಅದರೊಳಗೆ ಇರುತ್ತದೆ. ಮೊದಲೆಲ್ಲ ಎಚ್‌ಆರ್‌ನವರಿಗೆ, ಡೆವಲಪರ್‌ಗಳಿಗೆ ಬರೆಯುತ್ತಿದ್ದೆ. ಈಗ ಏಜೆಂಟ್‌ಗಳಿಗೂ ಬರೆಯುತ್ತಿದ್ದೇನೆ.

2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಕಂಪನಿ ಎಐಯನ್ನು ಬೇರೆ ಸಾಫ್ಟ್‌ವೇರ್‌ಗಳಿಗೆ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಅನ್ನುವ ಪದ್ಧತಿಯನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಎಂಸಿಪಿ ಅಂತ ಕರೆಯುತ್ತೇವೆ. ಏಜೆಂಟ್ ಮೊದಲು ನಮ್ಮ ಸರ್ವರ್ ಹತ್ತಿರ ಯಾವ ಯಾವ ಟೂಲ್ ಇದೆ ಅಂತ ಕೇಳುತ್ತದೆ. ಪ್ರತಿ ಟೂಲ್‌ಗೂ ಒಂದು ಹೆಸರು, ಒಂದು ವಿವರಣೆ, ಏನೇನು ತುಂಬಿ ಕಳಿಸಬೇಕು ಅನ್ನುವ ಪಟ್ಟಿ ಇರುತ್ತದೆ. ಒಳಗಿನ ಕೋಡ್ ಅದಕ್ಕೆ ಕಾಣುವುದಿಲ್ಲ. ನಾನು ಬರೆದ ನಾಲ್ಕು ಸಾಲು ಓದಿಕೊಂಡೇ ಅದು ಕೆಲಸಕ್ಕೆ ಇಳಿಯುತ್ತದೆ. ಹೊಸದಾಗಿ ಸೇರಿದ ಹುಡುಗನಾದರೆ ಗೊತ್ತಾಗದಿದ್ದಾಗ ಪಕ್ಕದ ಟೇಬಲ್‌ನವರನ್ನು ಕೇಳುತ್ತಾನೆ, ಅಲ್ವಾ? ಏಜೆಂಟ್‌ಗೆ ಪಕ್ಕದ ಟೇಬಲ್ ಇಲ್ಲ.

ಉಳಿದ 23 ಜನ ಎಲ್ಲಿ ಹೋದರು? 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಅದರಲ್ಲಿ ನಮ್ಮೂರೂ ಒಂದು. ಕನ್ನಡದಲ್ಲಿ ನಾವು ಮೊದಲಿಂದಲೂ ತುಮಕೂರು ಅಂತಲೇ ಬರೆಯುತ್ತಿದ್ದೆವು. ಆದರೆ ಇಂಗ್ಲಿಷ್‌ನ ಹಳೇ ಸ್ಪೆಲಿಂಗ್‌ಗೆ ಆರು ಅಕ್ಷರ, ಹೊಸದಕ್ಕೆ ಎಂಟು. ಜನ ಎರಡನ್ನೂ ಬರೆಯುತ್ತಾರೆ. ಕಂಪ್ಯೂಟರ್‌ಗೆ ಅವು ಎರಡು ಬೇರೆ ಊರು.

ಏಜೆಂಟ್‌ಗೆ ಇದು ಗೊತ್ತಿಲ್ಲ ಅಂತಲ್ಲ. ಕೇಳಿ ನೋಡಿದೆ, ಎರಡೂ ಒಂದೇ ಊರು ಅಂತ ತಕ್ಷಣ ಹೇಳಿತು. ನಮ್ಮ ಟೂಲ್‌ಗೆ ಅದು ಗೊತ್ತಿಲ್ಲ ಅನ್ನುವುದು ಮಾತ್ರ ಅದಕ್ಕೆ ಗೊತ್ತಿರಲಿಲ್ಲ. ನಾನು ಬರೆದಿದ್ದು ಇಷ್ಟೇ: 'ಊರಿನ ಹೆಸರು ಕೊಟ್ಟರೆ ಆ ಊರಿನ ಅಭ್ಯರ್ಥಿಗಳು ಸಿಗುತ್ತಾರೆ.' ಆ ಸಾಲು ಸುಳ್ಳು. ಅದನ್ನು ಬರೆದವಳು ನಾನು.

ರಾತ್ರಿ ಊಟ ಆದ ಮೇಲೆ ತಿದ್ದಿದೆ. ಇಂಗ್ಲಿಷ್‌ನಲ್ಲಿ ಬರೆದದ್ದರ ಕನ್ನಡ ಹೀಗಿದೆ: 'ಊರಿನ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಅಭ್ಯರ್ಥಿ ಬರೆದ ಸ್ಪೆಲಿಂಗನ್ನು ತಿದ್ದುವುದಿಲ್ಲ. ಊರಿಗೆ ಹಳೇ ಹೆಸರೂ ಹೊಸ ಹೆಸರೂ ಇದ್ದರೆ ಎರಡರಲ್ಲೂ ಹುಡುಕಿ, ಸಿಕ್ಕವರನ್ನು ಸೇರಿಸಿ. ಯಾರೂ ಸಿಗದಿದ್ದರೆ ಅಭ್ಯರ್ಥಿಗಳೇ ಇಲ್ಲ ಅನ್ನಬೇಡಿ, ಈ ಹೆಸರಿನಲ್ಲಿ ಸಿಗಲಿಲ್ಲ ಅನ್ನಿ.' ಕೊನೆಯ ಸಾಲಿಗೆ ಜಾಸ್ತಿ ಹೊತ್ತು ಹಿಡಿಯಿತು. ಇಲ್ಲ ಅನ್ನುವುದಕ್ಕೂ ಸಿಗಲಿಲ್ಲ ಅನ್ನುವುದಕ್ಕೂ ನಡುವೆ ಒಬ್ಬರ ಕೆಲಸ ಇರಬಹುದು.

ಪಕ್ಕದ ಮನೆ ಹುಡುಗ ಡಿಪ್ಲೊಮಾ ಮುಗಿಸಿ ವಸಂತನರಸಾಪುರದ ಫ್ಯಾಕ್ಟರಿಗಳಿಗೆ ಅರ್ಜಿ ಹಾಕುತ್ತಲೇ ಇದ್ದಾನೆ. ಎಲ್ಲ ಆನ್‌ಲೈನ್. ಚಿಕ್ಕವನಿದ್ದಾಗ ಮಾಡಿಸಿದ ಆಧಾರ್‌ನಲ್ಲಿ ಊರಿನ ಹಳೇ ಸ್ಪೆಲಿಂಗ್ ಇದೆ, ಅದನ್ನೇ ಎಲ್ಲ ಕಡೆ ಬರೆಯುತ್ತಾನೆ. 'ಯಾರೂ ನೋಡೋದೇ ಇಲ್ವೇನೋ ಅಕ್ಕ' ಅಂದಿದ್ದ ಒಂದು ದಿನ. ಅವನಿಗೆ ಉತ್ತರ ಬರದಿರುವುದಕ್ಕೆ ಕಾರಣ ಇದೇ ಅಂತ ನಾನು ಹೇಳುತ್ತಿಲ್ಲ. ಆದರೆ 11 ಅನ್ನುವ ಅಂಕಿ ನೋಡಿದಾಗ ಮೊದಲು ನೆನಪಾದವನು ಅವನೇ.

ತಿದ್ದಿದ ಮೇಲೆ ಮತ್ತೆ ಕೇಳಿದೆ. 32 ಬಂತು. ಇನ್ನಿಬ್ಬರು ಊರಿನ ಹೆಸರಿಗೆ ಅಂಟಿಸಿ 572101 ಅಂತ ಪಿನ್‌ಕೋಡ್ ಬರೆದಿದ್ದರು. ಇದು ವಿವರಣೆ ಬರೆದು ಸರಿಮಾಡುವ ವಿಷಯ ಅಲ್ಲ. ಬೆಳಿಗ್ಗೆ ಬೆಂಗಳೂರಿನ ಡೆವಲಪರ್‌ಗೆ ಫೋನ್ ಮಾಡಿ, ಹುಡುಕುವ ರೀತಿಯನ್ನೇ ಬದಲಾಯಿಸಿ ಅಂದೆ. 'ಎರಡು ಜನ ತಾನೇ' ಅಂದರು. ಬೆಳಗಾವಿ, ಕಲಬುರಗಿ, ಶಿವಮೊಗ್ಗ, ಬಳ್ಳಾರಿ ಎಲ್ಲವನ್ನೂ ಒಂದೊಂದಾಗಿ ಹಳೇ ಸ್ಪೆಲಿಂಗ್ ಹೊಸ ಸ್ಪೆಲಿಂಗ್‌ನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ರಿಲೀಸ್‌ಗೆ ಹಾಕುತ್ತೇನೆ ಅಂದರು.

ಅಭ್ಯರ್ಥಿಯನ್ನು ತಿರಸ್ಕರಿಸುವ ಟೂಲ್ ಕೂಡ ಇದೆ. ಅದನ್ನು ಕರೆದ ತಕ್ಷಣ ಆ ವ್ಯಕ್ತಿಗೆ ಇಮೇಲ್ ಹೋಗುತ್ತದೆ. ಮೊದಲಿದ್ದ ವಿವರಣೆಯಲ್ಲಿ 'ಹಂತ ಬದಲಾಯಿಸುತ್ತದೆ' ಅಂತ ಮಾತ್ರ ಇತ್ತು. ಈಗ ಮೊದಲ ಸಾಲಲ್ಲೇ ಇಮೇಲ್ ವಿಷಯ ಬರೆದಿದ್ದೇನೆ, ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ ಅಂತಲೂ. ಎಂಸಿಪಿಯಲ್ಲಿ ಇಂಥ ಟೂಲ್‌ಗೆ ಅಪಾಯದ ಗುರುತು ಹಾಕಬಹುದು. ಅದು ಬರೀ ಸೂಚನೆ, ಬೀಗ ಅಲ್ಲ. ಹಾಗಾಗಿ ಏಜೆಂಟ್‌ಗೆ ಓದುವ ಅನುಮತಿ ಮಾತ್ರ ಕೊಡಿ, ತಿರಸ್ಕರಿಸುವುದನ್ನು ಮನುಷ್ಯರೇ ಮಾಡಲಿ ಅಂತ ಗ್ರಾಹಕರ ಗೈಡ್‌ನಲ್ಲಿ ಸೇರಿಸಿದೆ.

ನಾಳೆಗೆ ಹೊಸ ಅಭ್ಯರ್ಥಿಯನ್ನು ಸೇರಿಸುವ ಟೂಲ್ ಇದೆ. ಅದರಲ್ಲಿ ಸರ್‌ನೇಮ್ ಕಡ್ಡಾಯ. ನಮ್ಮ ಕಡೆ ಎಷ್ಟೋ ಜನರಿಗೆ ಸರ್‌ನೇಮ್ ಇಲ್ಲ. ಊರಿಂದೊಂದು, ಅಪ್ಪನಿಂದೊಂದು ಇನಿಶಿಯಲ್ ಇರುತ್ತದೆ, ಅಷ್ಟೇ. ಖಾಲಿ ಬಿಡಬಾರದು ಅಂದರೆ ಏಜೆಂಟ್ ಅಲ್ಲಿ ಏನನ್ನೋ ತುಂಬುತ್ತದೆ. ಆಮೇಲೆ ಆ ಹೆಸರು ಆಫರ್ ಲೆಟರ್‌ವರೆಗೂ ಹೋಗುತ್ತದೆ. ಮೊದಲ ಸಾಲು ಈಗಲೇ ಬರೆದಿಟ್ಟಿದ್ದೇನೆ: 'ರೆಸ್ಯೂಮೆಯಲ್ಲಿ ಇಲ್ಲದ ಹೆಸರನ್ನು ಊಹಿಸಬೇಡಿ.' ಆ ಕಡ್ಡಾಯವನ್ನೇ ತೆಗೆಸಲು ಮತ್ತೊಂದು ಫೋನ್ ಮಾಡಬೇಕು.